ಕಾಕುಗೆ ತೋರಿಸಿದ ನೀಲಿ

ಇನ್ಸುಲಿನ್‌ಗೆ ಒಂದು ವಾಸನೆಯಿದೆ. ದಿನಾ ಚುಚ್ಚಿಕೊಳ್ಳುವವರಿಗೆ ಮತ್ತು ಅವರ ಮನೆಯವರಿಗೆ ಅದು ಗೊತ್ತು. ಉಳಿದವರು ಆಸ್ಪತ್ರೆಯ ವಾಸನೆ ಎಂದುಕೊಂಡು ಸುಮ್ಮನಾಗುತ್ತಾರೆ. ಔಷಧ ಕೆಡದಿರಲೆಂದು ಬೆರೆಸುವ ಯಾವುದೋ ರಾಸಾಯನಿಕದ ವಾಸನೆ ಅದು, ಫಿನೈಲಿಗೆ ದೂರದ ನೆಂಟ. ಮೊನ್ನೆ ತಂಗಿ ನಮ್ಮಲ್ಲಿಗೆ ಬಂದಿದ್ದಳು. ಊಟಕ್ಕೆ ಮೊದಲು ತನ್ನ ಪೆನ್ನಿನಂಥ ಸೂಜಿಯನ್ನು ಸರಿಮಾಡಿಕೊಳ್ಳುವಾಗ ಒಂದು ಹನಿ ನನ್ನ ಮುಂಗೈಗೆ ಸಿಡಿಯಿತು. ಒರೆಸಿಕೊಳ್ಳುವ ಬದಲು ಮೂಸಿ ನೋಡಿದೆ. ಕಂಡದ್ದನ್ನೆಲ್ಲ ಮೂಸುವ ನನ್ನ ಚಟದ ಬಗ್ಗೆ ಮನೆಯಲ್ಲಿ ಮೊದಲಿನಿಂದಲೂ ದೂರುಗಳಿವೆ. ಆದರೆ ಈ ಸಲ ಆ ವಾಸನೆ ನನ್ನನ್ನು ಸೀದಾ ಬಸವನ ಬಾಗೇವಾಡಿಗೆ ಕರೆದುಕೊಂಡು ಹೋಯಿತು... ಎದೆಮಟ್ಟದ ಒಂದು ಮಣ್ಣಿನ ಗೋಡೆ, ಅದರಾಚೆ ಚಹಾದ ಬಸಿ ಕೈಯಲ್ಲಿ ಹಿಡಿದು, ಕುಡಿಯದೆ ನಿಂತ ಒಬ್ಬ ಹೆಂಗಸು.

ಆಕೆಯನ್ನು ನಾವು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ನೆಂಟಳೇನಲ್ಲ, ಪಕ್ಕದ ಮನೆಯವಳು. ತವರು ಇಂಡಿ ತಾಲ್ಲೂಕಿನ ಸಾಲೋಟಗಿ. ಬಾಗೇವಾಡಿಗೆ ಸೊಸೆಯಾಗಿ ಬಂದು ಎಷ್ಟೋ ವರ್ಷಗಳಾಗಿದ್ದರೂ ಮಾತು ಮಾತಿಗೆ ಸಾಲೋಟಗಿಯ ಶಾಸನದ ಕಲ್ಲನ್ನು ತನ್ನ ಸ್ವಂತ ಆಸ್ತಿಯೆಂಬಂತೆ ಎತ್ತಿ ಆಡುತ್ತಿದ್ದಳು. ಮಸೂತಿ ಎಂಬ ಊರಿನ ದಾರಿಯಲ್ಲಿ ಅವರ ಎರೆಹೊಲಗಳಿದ್ದವು. ಗಂಡನಿಗೆ ಊರಿನ ನ್ಯಾಯ ಪಂಚಾಯಿತಿಗಳಿಂದ ಪುರುಸೊತ್ತಿಲ್ಲ, ಹೀಗಾಗಿ ಒಕ್ಕಲುತನವೆಲ್ಲ ಕಾಕುವಿನ ಮಾತಿನ ಮೇಲೆ ನಡೆಯುತ್ತಿತ್ತು. ದನಿ ದೊಡ್ಡದು, ಕೈ ಅದಕ್ಕಿಂತ ದೊಡ್ಡದು. ತಾನು ಹೇಳಿದ್ದೇ ಸರಿ ಎನ್ನುವ ಸ್ವಭಾವ. ನನಗೂ ಅದೇ ಸ್ವಭಾವ ಇದ್ದುದರಿಂದ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತಿತ್ತು, ಅಂದರೆ ದಿನಾ ಜಗಳವಾಗುತ್ತಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು ಇದು. ನಮ್ಮಪ್ಪ ಕಂದಾಯ ಇಲಾಖೆಯ ಗುಮಾಸ್ತ. ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ಸುತ್ತಿಸಿದ ಸರ್ಕಾರ ಕೊನೆಗೆ ನಮ್ಮನ್ನು ಬಾಗೇವಾಡಿಯ ಒಂದು ತಗಡಿನ ಮಾಡಿನ ಮನೆಗೆ ತಂದು ಬಿಟ್ಟಿತ್ತು. ಮುದ್ದೇಬಿಹಾಳದಲ್ಲಿದ್ದಾಗಲೇ ತಂಗಿಗೆ ಜಡ್ಡು ಬಂದಿತ್ತು. ಕೊಡಗಟ್ಟಲೆ ನೀರು ಕುಡಿಯುವಳು, ತಿಂದದ್ದು ಮೈಗೆ ಹತ್ತದು, ಬಚ್ಚಲಲ್ಲಿ ಅವಳು ಕೂತೆದ್ದಲ್ಲಿಗೆ ಇರುವೆ ಸಾಲುಗಟ್ಟಿ ಬರುವವು. ಬಿಜಾಪುರದ ದೊಡ್ಡ ಡಾಕ್ಟರರು ಅಪ್ಪನನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳಿರುತ್ತವೆ, ಈ ಮಗುವಿಗೆ ಅವು ಸತ್ತಿವೆ, ಇನ್ನು ಹೊರಗಿನಿಂದಲೇ ಕೊಡಬೇಕು, ಒಂದು ದಿನ ತಪ್ಪಿದರೂ ಜೀವಕ್ಕೆ ಸಂಚಕಾರ. ಅಪ್ಪ ಮನೆಗೆ ಬಂದು ಇದನ್ನೆಲ್ಲ ಅವ್ವನಿಗೆ ಹೇಳುವಾಗ ತಂಗಿ ಅಂಗಳದಲ್ಲಿ ಗಜಗ ಆಡುತ್ತಿದ್ದಳು. ಅವಳಿಗೆ ಆಗ ಒಂಬತ್ತು ವರ್ಷ.

ಹೀಗೆ ನಮ್ಮ ಮನೆಯ ದಿನಚರಿ ಒಂದು ಸಣ್ಣ ಪ್ರಯೋಗಾಲಯದ ದಿನಚರಿಯಾಯಿತು. ಅವ್ವ ಗಾಜಿನ ಪಿಚಕಾರಿಯನ್ನೂ ಸೂಜಿಯನ್ನೂ ನೀರಲ್ಲಿ ಕುದಿಸಿ ಚುಚ್ಚುವಳು. ನನ್ನ ಪಾಲಿಗೆ ಬಂದದ್ದು ಪರೀಕ್ಷೆ. ಡಾಕ್ಟರರು ಕೊಟ್ಟ ನೀಲಿ ದ್ರಾವಣವನ್ನು ಗಾಜಿನ ನಳಿಕೆಗೆ ಹಾಕಿ, ತಂಗಿಯ ಮೂತ್ರದ ಕೆಲವು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಮೂತ್ರದಲ್ಲಿ ಸಕ್ಕರೆ ಇಲ್ಲ. ಹಸಿರಾದರೂ ನಡೆದೀತು. ಹಳದಿಯಾದರೆ ಅವ್ವನ ಮುಖ ಸಣ್ಣದಾಗುತ್ತಿತ್ತು. ಇಟ್ಟಂಗಿಯ ಕೆಂಪು ಬಂತೆಂದರೆ ಆ ದಿನ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ.

ಈ ಕುದಿಸುವ ಕೆಲಸ ನಡೆಯುತ್ತಿದ್ದುದು ಹಿತ್ತಲಲ್ಲಿ, ಗೋಡೆಯ ಪಕ್ಕ. ಕಾಕು ಆಚೆಯಿಂದ ಇಣುಕಿ ನೋಡುವಳು. ಇದೇನು, ಇದು ಯಾಕೆ, ಬಣ್ಣ ಯಾಕೆ ತಿರುಗಿತು ಎಂದು ಕೇಳಿ ಕೇಳಿ ನನ್ನ ತಲೆ ತಿನ್ನುವಳು. ಎಲ್ಲ ತಿಳಿದುಕೊಂಡ ಮೇಲೆ, ನೀನು ಮಾಡುವುದೂ ನಾನು ಮಾಡುವುದೂ ಒಂದೇ ಎಂದು ತೀರ್ಪು ಕೊಟ್ಟಳು. ಅದೇನೆಂದು ನೋಡಲು ನಾನು ಗೋಡೆ ಹತ್ತಿ ಅವಳ ಪಡಸಾಲೆಗೆ ಹೋದೆ.

ಹಿಂಗಾರಿ ಬಿತ್ತನೆ ಹತ್ತಿರ ಬಂದಿತ್ತು. ಬೂದಿ ಬೆರೆಸಿ ಗಡಿಗೆಯಲ್ಲಿಟ್ಟಿದ್ದ ಬಿಳಿಜೋಳದ ಬೀಜವನ್ನು ತೆಗೆದು, ಒಂದು ಹಿಡಿಯಷ್ಟನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಮೂಲೆಯಲ್ಲಿಟ್ಟಿದ್ದಳು. ಮೊಳಕೆ ಒಡೆದವೆಷ್ಟು, ಒಡೆಯದೆ ಕೊಳೆತವೆಷ್ಟು ಎಂದು ಬಿಡಿಸಿ ನೋಡಿ, ಆಮೇಲೆಯೇ ಆ ಗಡಿಗೆಯ ಬೀಜ ಹೊಲಕ್ಕೆ ಹೋಗಬೇಕು. ಮೊಳಕೆಯಲ್ಲೂ ಅವಳಿಗೆ ತಕರಾರು. ಬರೀ ಮೂತಿ ತೋರಿಸಿ ನಿಂತದ್ದು ಲೆಕ್ಕಕ್ಕಿಲ್ಲ, ಬೇರು ಇಳಿಸಿರಬೇಕು. ನಾನು ಗಡಿಗೆಯೊಳಗಿನ ದಪ್ಪ ದಪ್ಪ ಕಾಳುಗಳನ್ನು ತೋರಿಸಿ, ಇಷ್ಟು ಚಂದ ಇರುವಾಗ ಪರೀಕ್ಷೆ ಯಾಕೆ ಎಂದೆ.

“ಚಂದ ಐತಿ ಅಂತ ನಂಬಬ್ಯಾಡ. ಸತ್ತ ಬೀಜಾನೂ ಹಿಂಗs ಹೊಳಿತೈತಿ. ನೀರ ಕುಡಿಸಿ ಕೇಳಬೇಕು, ಅದs ಹೇಳತೈತಿ,” ಎಂದಳು.

ನಾನು ನಕ್ಕೆ. ಬೀಜ ಮಾತಾಡುತ್ತದೆಯೇ ಎಂದು ಮನೆಗೆ ಬಂದು ತಂಗಿಗೂ ಹೇಳಿ ನಗಿಸಿದೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ನನಗೆ ಅದರ ಅರ್ಥ ಹೊಳೆದದ್ದು ತಡವಾಗಿ.

ಇನ್ಸುಲಿನ್ ಬಾಟಲಿಗಳು ಇರುತ್ತಿದ್ದುದು ನಮ್ಮ ಮನೆಯಲ್ಲಲ್ಲ, ಕಾಕುವಿನ ಮನೆಯಲ್ಲಿ. ಫ್ರಿಜ್ಜಿನ ಹೆಸರು ಕೇಳಿದ್ದೆವೇ ಹೊರತು ಕಂಡಿರಲಿಲ್ಲ. ನಮ್ಮ ತಗಡಿನ ಮನೆ ಮಧ್ಯಾಹ್ನದ ಹೊತ್ತಿಗೆ ಕಾದ ಹೆಂಚು. ಕಾಕುವಿನದು ಮಣ್ಣಿನ ಮಾಳಿಗೆ ಮನೆ, ಗೋಡೆ ಮೊಳದಷ್ಟು ದಪ್ಪ. ಕಾಳು ಇಡುವ ಒಳಕೋಣೆಯಲ್ಲಿ ಹಗಲಲ್ಲೂ ಕತ್ತಲು, ಕಾಲಿಟ್ಟರೆ ನೆಲ ತಣ್ಣಗೆ. ಅಲ್ಲಿ ಒದ್ದೆ ಉಸುಕಿನ ಮೇಲೆ ಒಂದು ನೀರಿನ ಗಡಿಗೆ, ಅದರ ಬಾಯಲ್ಲಿ ಒಂದು ಸಣ್ಣ ಕುಡಿಕೆ, ಕುಡಿಕೆಯೊಳಗೆ ತಂಗಿಯ ಬಾಟಲಿಗಳು. ಆ ಏರ್ಪಾಡು ಕಾಕುವಿನದೇ. ದಿನಾ ಬೆಳಿಗ್ಗೆ ಉಸುಕಿಗೆ ನೀರು ಚಿಮುಕಿಸಿಯೇ ಅವಳ ಉಳಿದ ಕೆಲಸ. ತಂಗಿಯ ಜೀವ ತನ್ನ ಮನೆಯ ಗಡಿಗೆಯಲ್ಲಿದೆ ಎನ್ನುವುದು ಅವಳಿಗೆ ಹೆಮ್ಮೆಯೂ ಹೌದು, ಭಯವೂ ಹೌದು.

ಮರುವರ್ಷದ ಬೇಸಿಗೆಯಲ್ಲಿ ಆ ಭಯ ಹೆಚ್ಚಾಯಿತು. ಆ ಸಲ ಬಿಸಿಲು ಎಷ್ಟಿತ್ತೆಂದರೆ ಒಳಕೋಣೆಯ ನೆಲವೂ ಬೆಚ್ಚಗಾಗಿತ್ತು. ಅಪ್ಪ ಬಿಜಾಪುರದಿಂದ ಹೊಸ ಬಾಟಲಿಗಳನ್ನು ತಂದುಕೊಟ್ಟು ಸರ್ಕಾರಿ ಕೆಲಸದ ಮೇಲೆ ಸಿಂದಗಿಗೆ ಹೋಗಿದ್ದರು. ಆಗಷ್ಟೇ ಕಾಕು ಇಂಡಿಯಲ್ಲಿ ಅಣ್ಣನ ಮಗನ ಮದುವೆ ಮುಗಿಸಿಕೊಂಡು ಬಂದಿದ್ದಳು. ಆ ಮದುವೆಯಲ್ಲಿ ಐಸ್‌ಕ್ರೀಮ್ ಮಾಡಿದ್ದರಂತೆ. ಮರದ ಬಕೀಟಿನಲ್ಲಿ ಬರ್ಫ, ಅಂದರೆ ಮಂಜುಗಡ್ಡೆ, ತುಂಬಿ, ನಡುವೆ ಹಾಲಿನ ಡಬ್ಬಿ ಇಟ್ಟು ತಿರುವಿದ್ದನ್ನು ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದಳು. ಬರ್ಫಿಗೆ ಉಪ್ಪು ಸುರಿದರೆ ಅದು ಇನ್ನಷ್ಟು ತಂಪಾಗುತ್ತದೆ ಎಂಬ ಗುಟ್ಟನ್ನು ಅಡುಗೆಯವನ ಬಾಯಿಂದ ತಿಳಿದುಕೊಂಡು ಬಂದಿದ್ದಳು.

ಮುಂದಿನದು ಆಮೇಲೆ ಗೊತ್ತಾದದ್ದು. ಬಸ್‌ಸ್ಟ್ಯಾಂಡಿನ ಸೋಡಾ ಅಂಗಡಿಗೆ ಬಿಜಾಪುರದಿಂದ ಬರುತ್ತಿದ್ದ, ಕಟ್ಟಿಗೆಹೊಟ್ಟಿನಲ್ಲಿ ಸುತ್ತಿದ ಬರ್ಫಿನ ಗಡ್ಡೆಯೊಂದನ್ನು ಕಾಕು ತರಿಸಿದಳು. ಒಡೆದು ಪಾತೇಲಿಗೆ ತುಂಬಿ, ಕೈತುಂಬ ಉಪ್ಪು ಸುರಿದು, ಬಾಟಲಿಗಳನ್ನು ಅದರ ನಡುವೆ ಹುಗಿದಳು. ಸಂಜೆ ತೆಗೆದು ನೋಡಿದರೆ ಒಳಗಿನ ಔಷಧ ಕಲ್ಲಾಗಿತ್ತು. ಬರ್ಫಿನಲ್ಲಿ ಗಟ್ಟಿಯಾದ ಹಾಲು ಕರಗಿದರೆ ಮತ್ತೆ ಹಾಲೇ ತಾನೇ? ಇದು ಕೂಡ ಹಾಗೇ ಎಂದುಕೊಂಡು ಅಂಗೈಯಲ್ಲಿ ಹಿಡಿದು ಕರಗಿಸಿ, ತಿಳಿನೀರಿನಂತಾದ ಮೇಲೆ ಕುಡಿಕೆಯಲ್ಲಿಟ್ಟಳು. ಬಿಸಿಲು ನಾಡಿನ ಹೆಣ್ಣುಮಗಳು ಅವಳು. ಕೆಡಿಸುವುದು ಬಿಸಿಲು, ಕಾಯುವುದು ತಂಪು, ಇಷ್ಟೇ ಅವಳು ಬಲ್ಲದ್ದು. ತಂಪು ಕೂಡ ಕೊಲ್ಲಬಲ್ಲದು ಎಂದು ನಮ್ಮ ಕಡೆ ಯಾರಿಗೆ ತಾನೇ ಹೊಳೆದೀತು?

ಮರುದಿನದಿಂದ ನಳಿಕೆ ಕೆಂಪಾಗತೊಡಗಿತು. ಅವ್ವ ಹೊತ್ತಿಗೆ ಸರಿಯಾಗಿ ಚುಚ್ಚುತ್ತಲೇ ಇದ್ದಳು, ಕೆಂಪು ಇಳಿಯಲಿಲ್ಲ. ತಂಗಿ ಮತ್ತೆ ಕೊಡಗಟ್ಟಲೆ ನೀರು ಕುಡಿಯತೊಡಗಿದಳು. ಮುದ್ದೇಬಿಹಾಳದಲ್ಲಿ ಒಮ್ಮೆ ಬೆಲ್ಲ ಕದ್ದು ತಿಂದು ಸಿಕ್ಕಿಬಿದ್ದಿದ್ದ ಹುಡುಗಿ ಅವಳು, ಹಾಗಾಗಿ ಎಲ್ಲರ ಕಣ್ಣು ಅವಳ ಮೇಲೇ. ಅವ್ವ ಬೆಲ್ಲದ ಡಬ್ಬಿ ತೂಗಿ ನೋಡಿದಳು, ಹಾಸಿಗೆ ಕೊಡವಿದಳು, ಪಾಟಿಚೀಲ ತಡಕಿದಳು. ಏನೂ ಸಿಗದಿದ್ದಾಗ ಸಿಟ್ಟು ಇನ್ನೂ ಹೆಚ್ಚಾಗಿ ಒಂದು ಏಟು ಕೊಟ್ಟಳು. ನಾ ತಿಂದಿಲ್ಲ ಎಂದು ತಂಗಿ ಅತ್ತು ಅತ್ತು ಹೇಳಿದಳು. ಅಳುವುದಕ್ಕೂ ಅವಳಲ್ಲಿ ಶಕ್ತಿ ಉಳಿದಿರಲಿಲ್ಲ. ಅವಳನ್ನು ಎತ್ತಿಕೊಳ್ಳಲು ಹೋದಾಗ ಉಸಿರಿನಲ್ಲಿ ಕೊಳೆತ ಬಾಳೆಹಣ್ಣಿನಂಥ ವಾಸನೆ ನನ್ನ ಮೂಗಿಗೆ ಬಡಿಯಿತು. ಅವ್ವನಿಗೆ ಹೇಳಿದೆ. ಬಿಜಾಪುರದ ಡಾಕ್ಟರರು ಆ ವಾಸನೆಯ ಬಗ್ಗೆ ಮೊದಲೇ ಎಚ್ಚರಿಸಿದ್ದರು. ಅವ್ವ ಗೋಡೆಯ ಬಳಿ ಓಡಿ ಕಾಕುವನ್ನು ಕರೆದಳು.

ಟಾಂಗಾ ಕೂಗಿದವಳು ಕಾಕು. ಸರ್ಕಾರಿ ದವಾಖಾನೆಯ ತನಕ ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡವಳೂ ಕಾಕುವೇ. ಅಲ್ಲಿದ್ದ ಡಾಕ್ಟರರು ನಿಧಾನದ ಮನುಷ್ಯ, ಅವತ್ತು ಮಾತ್ರ ನಿಧಾನ ಮಾಡಲಿಲ್ಲ. ನರಕ್ಕೆ ಸಲೈನ್ ಹಚ್ಚಿ, ಬಾಟಲಿ ಕೇಳಿ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದರು. ತಿಳಿಯಾಗಿತ್ತು. ನೋಡಿದರೆ ತಿಳಿಯುವುದಿಲ್ಲ, ಎಂದರು. ಒಂದೋ ಹುಡುಗಿ ಸಿಹಿ ತಿಂದಿದ್ದಾಳೆ, ಇಲ್ಲವೇ ಈ ಔಷಧ ಸತ್ತಿದೆ. ಬಿಸಿಲಿಗಿಟ್ಟರೆ ನಿಧಾನವಾಗಿ ಸಾಯುತ್ತದೆ, ಹೆಪ್ಪುಗಟ್ಟಿಸಿದರೆ ಅಲ್ಲೇ ಸಾಯುತ್ತದೆ. ನಮ್ಮಲ್ಲಿ ಈಗ ಇದು ಇಲ್ಲ, ಬಿಜಾಪುರದಿಂದ ತರಿಸುವಷ್ಟು ಹೊತ್ತೂ ಇಲ್ಲ. ಹತ್ತಿರದಲ್ಲಿ ಯಾರಾದರೂ ಚುಚ್ಚಿಕೊಳ್ಳುವವರಿದ್ದಾರೆಯೇ?

ಬಾಗಿಲಲ್ಲಿ ನಿಂತಿದ್ದ ಕಾಕುವಿನ ಮುಖ ನಾನು ನೋಡಿದೆ. ಆ ಮುಖ ಈಗಲೂ... ಯಾವತ್ತೂ ಇಳಿಯದ ದನಿ ಅವತ್ತು ಪಾತಾಳಕ್ಕಿಳಿದಿತ್ತು.

“ಅದು ನನ್ನ ಕೈಲೆ ಸತ್ತೈತ್ರಿ, ಡಾಕ್ಟರ್‌ಸಾಹೇಬ್ರ. ಉಪ್ಪ ಹಾಕಿ ಬರ್ಫಿನಾಗ ಇಟ್ಟಿದ್ದೆ. ಕೂಸು ಏನೂ ತಿಂದಿಲ್ರಿ.”

ಹೂವಿನ ಹಿಪ್ಪರಗಿಯಲ್ಲಿ ತನ್ನ ಗಂಡನ ಕಡೆಯ ಹಿರಿಯರೊಬ್ಬರು ದಿನಾ ಇದನ್ನೇ ಚುಚ್ಚಿಸಿಕೊಳ್ಳುತ್ತಾರೆ ಎಂದು ಹೇಳಿ, ಉತ್ತರಕ್ಕೂ ಕಾಯದೆ ಕಾಕು ಬಸ್‌ಸ್ಟ್ಯಾಂಡಿನ ಕಡೆ ಹೊರಟಳು. ಕಾಲಿಗೆ ಚಪ್ಪಲಿ ಇರಲಿಲ್ಲ. ಆ ಬಿಸಿಲಲ್ಲಿ ಬರಿಗಾಲಲ್ಲಿ ಅವಳು ಓಡಿದ್ದನ್ನು ಊರೆಲ್ಲ ನೋಡಿತು.

ಹೊತ್ತು ಹೇಗೆ ಕಳೆಯಿತೋ ಗೊತ್ತಿಲ್ಲ. ಅವ್ವ ತಂಗಿಯ ಅಂಗಾಲು ಉಜ್ಜುತ್ತ ಕೂತಿದ್ದಳು, ಏಟು ಕೊಟ್ಟ ಕೆನ್ನೆಯ ಕಡೆ ನೋಡದೆ. ಮಧ್ಯಾಹ್ನ ತಿರುಗುವ ಹೊತ್ತಿಗೆ ಕಾಕು ಬಂದಳು. ಕಂಕುಳಲ್ಲಿ ಒಂದು ಸಣ್ಣ ಗಡಿಗೆ, ಗಡಿಗೆ ತುಂಬ ಜೋಳ, ಜೋಳದ ನಡುವೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಾಟಲಿ. ಡಾಕ್ಟರರು ಅದನ್ನೂ ಬೆಳಕಿಗೆ ಹಿಡಿದರು. ಅದೂ ತಿಳಿಯಾಗಿತ್ತು. ಸತ್ತದ್ದೂ ಬದುಕಿದ್ದೂ ಪಕ್ಕಪಕ್ಕದಲ್ಲಿ ಇದ್ದವು, ಎರಡೂ ಒಂದೇ ತರಹ ಹೊಳೆಯುತ್ತಿದ್ದವು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎನ್ನುತ್ತಾರಲ್ಲ, ಹಾಗೆ.

ಚುಚ್ಚಿದರು. ನನಗೆ ಮನೆಯಿಂದ ನಳಿಕೆ, ದೀಪ, ನೀಲಿ ದ್ರಾವಣ ತರಲು ಹೇಳಿದರು. ದವಾಖಾನೆಯ ಕಿಟಕಿಯ ಕಟ್ಟೆಯ ಮೇಲೆ ಆಗಾಗ ಕುದಿಸಿದೆ. ಮೊದಲು ಅದೇ ಇಟ್ಟಂಗಿ ಕೆಂಪು. ಡಾಕ್ಟರರು ಮತ್ತೆ ಚುಚ್ಚಿದರು. ಹೊತ್ತು ಮುಳುಗುವಾಗ ಕೆಂಪು ಸ್ವಲ್ಪ ತಿಳಿಯಾಗಿ ಕಿತ್ತಳೆಯಾಯಿತು. ಆಮೇಲೆ ಹಳದಿ. ತಂಗಿ ಕಣ್ಣು ಬಿಟ್ಟು ನೀರು ಕೇಳಿದಳು, ಕುಡಿದು ನಿದ್ದೆ ಹೋದಳು. ಬೆಳಿಗ್ಗೆ ಎದ್ದು ಕುದಿಸಿದಾಗ ಹಸಿರು, ಬಿಸಿಲೇರುವ ಹೊತ್ತಿಗೆ ನೀಲಿ. ಕುದಿಯುವ ನೀಲಿಯನ್ನು ಎಷ್ಟೋ ಸಲ ನೋಡಿದ್ದೆ. ಅದು ಇಷ್ಟು ಚಂದ ಎಂದು ಅವತ್ತೇ ತಿಳಿದದ್ದು. ಅವ್ವ ನಳಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಹಣೆಗೆ ಒತ್ತಿಕೊಂಡಳು. ಬಿಸಿ ಇತ್ತು, ಆದರೂ ಒತ್ತಿಕೊಂಡಳು. ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ತಂಗಿ ಮಂಚದ ಮೇಲಿಂದಲೇ ಅವ್ವನಿಗೆ, “ನಾ ತಿಂದಿಲ್ಲಂತ ಹೇಳಿದ್ದೆ,” ಎಂದಳು. ಅವ್ವ ಅವಳನ್ನು ಅವಚಿಕೊಂಡು ಅತ್ತಳು.

ಕಾಕು ಇನ್ನೂ ಬಾಗಿಲಾಚೆಯೇ ಕೂತಿದ್ದಳು. ಒಳಗೆ ಬಂದಿರಲೇ ಇಲ್ಲ. ಹಿಂದಿನ ದಿನದಿಂದ ಬಾಯಿಗೆ ಏನೂ ಹಾಕಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಅಪ್ಪ ಸುದ್ದಿ ತಿಳಿದು ಸಿಂದಗಿಯಿಂದ ಬಿಜಾಪುರಕ್ಕೆ ಹೋಗಿ ಹೊಸ ಬಾಟಲಿಗಳನ್ನು ಹಿಡಿದುಕೊಂಡೇ ಬಂದರು. ತಂಗಿಯನ್ನು ಮನೆಗೆ ಕಳಿಸಿದ ದಿನ ಅವ್ವ ಮೊದಲು ಕಾಕುವಿನ ಮನೆಗೆ ಹೋದಳು. ನಾನೂ ಹಿಂದೆ ಹೋದೆ, ಜಗಳ ಆದರೆ ಬಿಡಿಸಬೇಕಲ್ಲ ಎಂದು. ಕಾಕು ಒಳಕೋಣೆಯ ಗಡಿಗೆಯನ್ನು ಎತ್ತಿ ಬೋರಲು ಹಾಕಿದ್ದಳು, ಉಸುಕು ಒಣಗಿತ್ತು. ಇನ್ನು ಇದು ನನ್ನ ಮನೆಯಲ್ಲಿ ಬೇಡ ಎಂದಳು. ಅವ್ವ ಗಡಿಗೆ ತಿರುವಿಟ್ಟಳು, ಕೊಡದಿಂದ ನೀರು ತುಂಬಿದಳು, ಉಸುಕಿಗೆ ನೀರು ಚಿಮುಕಿಸಿದಳು. ಆಮೇಲೆ ಸೆರಗಿನ ಗಂಟಿನಿಂದ ಹೊಸ ಬಾಟಲಿ ತೆಗೆದು ಕಾಕುವಿನ ಕೈಯಲ್ಲಿಟ್ಟಳು.

“ನಮ್ಮ ಮನಿ ತಗಡಿಂದು, ಅಕ್ಕಾರ. ನೀವs ಇಟ್ಕೊಳ್ರಿ,” ಎಂದಳು. ಅಷ್ಟೇ.

ಆ ದೊಡ್ಡ ಕೈಗಳು ಬಾಟಲಿಯನ್ನು ಕುಡಿಕೆಯೊಳಗೆ ಇಳಿಸಿ, ಉಸುಕಿಗೆ ಇನ್ನೊಂದು ಬೊಗಸೆ ನೀರು ಚಿಮುಕಿಸಿದವು.

ಅಂದಿನಿಂದ ಒಂದು ಪದ್ಧತಿ ಶುರುವಾಯಿತು. ಯಾರೂ ಮಾಡಿದ್ದಲ್ಲ, ತಾನಾಗಿಯೇ ಆದದ್ದು. ಬೆಳಿಗ್ಗೆ ನಾನು ನಳಿಕೆ ಕುದಿಸುವ ಹೊತ್ತಿಗೆ ಕಾಕು ಗೋಡೆಯಾಚೆ ಚಹಾದ ಬಸಿ ಹಿಡಿದು ಬಂದು ನಿಲ್ಲುವಳು. ತಂಗಿ ನಳಿಕೆಯನ್ನು ಗೋಡೆಯ ಮೇಲೆ ಎತ್ತಿ ತೋರಿಸುವಳು. ನೀಲಿಯೋ ಹಸಿರೋ ಆಗಿದ್ದರೆ ಕಾಕು ಚಹಾ ಕುಡಿಯುವಳು. ಹಳದಿಯಾದರೆ ಬಸಿಯಲ್ಲಿನ ಚಹಾ ಹಾಗೇ ಆರುತ್ತಿತ್ತು. ತಂಗಿಗೆ ಇದು ಆಟವಾಗಿ, ಕಾಕು ಚಹಾ ಕುಡಿಯಬೇಕಲ್ಲ ಎಂದೇ ಬಾಯಿ ಬಿಗಿಹಿಡಿಯತೊಡಗಿದಳು. ಡಾಕ್ಟರರು ಹೇಳಿದ ಪಥ್ಯಕ್ಕಿಂತ ಈ ಚಹಾದ ಪಥ್ಯ ಹೆಚ್ಚು ಕೆಲಸ ಮಾಡಿತು. ಅಪ್ಪನಿಗೆ ಮತ್ತೆ ವರ್ಗವಾಗಿ ನಾವು ಬಾಗೇವಾಡಿ ಬಿಡುವ ತನಕ ಇದು ತಪ್ಪಲಿಲ್ಲ.

ನಾನು ಮುಂದೆ ಓದಿ ಸೇರಿದ್ದು ಪುಣೆಯ ಒಂದು ಪ್ರಯೋಗಾಲಯಕ್ಕೆ. ತಂಗಿಯ ಹೊಟ್ಟೆಯಲ್ಲಿ ಸತ್ತಿದ್ದವಲ್ಲ, ಅದೇ ಜೀವಕೋಶಗಳ ಕೆಲಸ. ಮೇದೋಜೀರಕದಿಂದ ಅವುಗಳ ಪುಟ್ಟ ಗುಂಪುಗಳನ್ನು ಬಿಡಿಸಿ ತೆಗೆದು, ಇನ್ನೊಂದು ದೇಹದಲ್ಲಿ ನೆಟ್ಟರೆ ಹಿಡಿಯುತ್ತವೆಯೇ ಎಂದು ನೋಡುವುದು. ಸುತ್ತಲಿನ ಅಂಗಾಂಶದ ನಡುವೆ ಒಂಟಿ ಒಂಟಿಯಾಗಿ ಇರುವುದರಿಂದ ಅವಕ್ಕೆ ದ್ವೀಪಗಳೆಂದೇ ಹೆಸರು. ಹೆಚ್ಚಾಗಿ ಇಲಿಗಳವು, ಅಪರೂಪಕ್ಕೆ ಮನುಷ್ಯರವು. ನೆಡುವ ಮೊದಲು ಅವು ಯೋಗ್ಯವೇ ಎಂದು ಹೇಳುವುದು ನನ್ನ ಪಾಲಿನ ಕೆಲಸ. ಒಂದು ಬಣ್ಣ ಹಾಕಿದರೆ ದ್ವೀಪಗಳು ಮಾತ್ರ ಕೆಂಪಾಗಿ, ಉಳಿದ ಕಸ ಬೇರೆಯಾಗಿ ಕಾಣುತ್ತದೆ. ಮೊದಲ ದಿನ ಸೂಕ್ಷ್ಮದರ್ಶಕದಲ್ಲಿ ಆ ಇಟ್ಟಂಗಿ ಕೆಂಪು ಕಂಡು ನನ್ನ ಎದೆ ಧಸಕ್ಕೆಂದಿತ್ತು. ಕೆಂಪೆಂದರೆ ಒಳ್ಳೆಯ ಸುದ್ದಿ ಎಂದು ನನ್ನನ್ನು ನಾನು ಒಪ್ಪಿಸಿಕೊಳ್ಳಲು ಬಹಳ ದಿನ ಬೇಕಾಯಿತು.

ಕೆಂಪಾದರೆ ಸಾಲದು, ಅದು ಜೀವಂತವಿದೆಯೇ ನೋಡಬೇಕು. ಅದಕ್ಕೆ ಬೇರೆ ಬಣ್ಣಗಳಿವೆ. ಜೀವಂತವಿದ್ದರೂ ಸಾಲದು. ದುಂಡಗೆ, ನುಣ್ಣಗೆ, ಚಂದವಾಗಿದ್ದು ಕೆಲಸಕ್ಕೆ ಬಾರದ ದ್ವೀಪಗಳನ್ನು ಬೇಕಾದಷ್ಟು ನೋಡಿದ್ದೇನೆ. ಕೊನೆಯ ಪರೀಕ್ಷೆ ಒಂದೇ. ಮೊದಲು ಕಡಿಮೆ ಸಕ್ಕರೆಯ ನೀರಿನಲ್ಲಿಡಬೇಕು, ಆಮೇಲೆ ಹೆಚ್ಚು ಸಕ್ಕರೆಯ ನೀರಿನಲ್ಲಿ. ಸಕ್ಕರೆ ಹೆಚ್ಚಾದಾಗ ಅವು ಇನ್ಸುಲಿನ್ ಹೆಚ್ಚು ಬಿಟ್ಟರೆ ಸರಿ, ಸುಮ್ಮನೆ ಕೂತರೆ ನೆಡುವ ಹಾಗಿಲ್ಲ. ಹೊಸದಾಗಿ ಬಂದ ಹುಡುಗ ಹುಡುಗಿಯರು ಅವುಗಳ ಅಂದಚಂದಕ್ಕೆ ಮರುಳಾಗಿ, ಇವು ಚೆನ್ನಾಗಿವೆ ಮೇಡಂ ಎನ್ನುತ್ತಿದ್ದರು. ನೀರು ಕುಡಿಸಿ ಕೇಳಿದಿರೇನು ಎಂದು ನಾನು ಕೇಳುತ್ತಿದ್ದೆ. ಅವರು ನನ್ನ ಬೆನ್ನ ಹಿಂದೆ ನಗುತ್ತಿದ್ದರು ಎಂದು ಗೊತ್ತು. ನಗಲಿ ಬಿಡಿ, ನಾನೂ ನಕ್ಕವಳೇ.

ಒಮ್ಮೆ ಬಾಗೇವಾಡಿಗೆ ಹೋಗಿ ಕಾಕುಗೆ ಇದನ್ನೆಲ್ಲ ಹೇಳಿದ್ದೆ. ಆಗ ಅವಳಿಗೆ ಕಣ್ಣು ಮಂಜಾಗಿದ್ದವು, ದನಿ ಮಾತ್ರ ಹಾಗೇ ಇತ್ತು. ಅವು ಮೊಳಕೆ ಒಡೆಯುತ್ತವೆಯೇ ಎಂದು ಕೇಳಿದಳು. ಇಲ್ಲ, ಸಕ್ಕರೆ ನೀರು ಕೊಟ್ಟರೆ ಇನ್ಸುಲಿನ್ ಬಿಡುತ್ತವೆ ಎಂದೆ. ಹಾಗಾದರೆ ಅದೇ ಮೊಳಕೆ ಎಂದು ಒಪ್ಪಿಕೊಂಡಳು. ನಾನು ಹೊರಟು ನಿಂತಾಗ ಕೈ ಹಿಡಿದುಕೊಂಡು ನಕ್ಕಳು.

“ಉಪ್ಪಿನ ಬರ್ಫಿನಾಗ ಮಾತ್ರ ಇಡಬ್ಯಾಡ ಮತ್ತ.”

ಅದೇ ಕೊನೆಯ ಭೇಟಿ. ಸುದ್ದಿ ಬಂದಾಗ ನಾನು ಹೋಗಲಾಗಲಿಲ್ಲ... ಈಗ ಆ ಮನೆಯೂ ಇಲ್ಲವಂತೆ, ಗೋಡೆಯೂ ಇಲ್ಲವಂತೆ.

ಮೊನ್ನೆ ಬಂದ ತಂಗಿ ಮರುದಿನ ಬೆಳಿಗ್ಗೆ ನನ್ನ ಅಡುಗೆಮನೆಯ ಕಿಟಕಿಯ ಬಳಿ ನಿಂತು ಬೆರಳು ಚುಚ್ಚಿಕೊಂಡು ಸಕ್ಕರೆ ನೋಡಿಕೊಂಡಳು. ಅವಳಿಗೀಗ ಅರವತ್ತು ದಾಟಿದೆ, ಮೊಮ್ಮಗಳಿದ್ದಾಳೆ. ನಳಿಕೆ, ದೀಪ, ಬಣ್ಣ ಯಾವುದೂ ಇಲ್ಲ, ಅಂಗೈಯಲ್ಲಿ ಹಿಡಿಯುವ ಒಂದು ಯಂತ್ರ, ಅದರಲ್ಲೊಂದು ಅಂಕಿ. ಅಂಕಿ ಚೆನ್ನಾಗಿತ್ತು. ಅವಳು ಆ ಯಂತ್ರವನ್ನು ಎತ್ತಿ, ಕಿಟಕಿಯಾಚೆಗೆ, ಯಾರೂ ಇಲ್ಲದ ಕಡೆಗೆ ಒಂದು ಕ್ಷಣ ಹಿಡಿದು ಇಳಿಸಿದಳು. ಇದನ್ನು ನಾನು ಹಿಂದೆಂದೂ ಗಮನಿಸಿರಲಿಲ್ಲ. ಯಾರಿಗೆ ತೋರಿಸಿದೆ ಎಂದು ಕೇಳಿದೆ.

ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. “ಕಾಕು ಚಾ ಕುಡೀಲಿ,” ಎಂದಳು.